ಮುಧೋಳ ನಾಯಿಗೆ ರಕ್ತನಾಳದ ಅರಿವಳಿಕೆ: ಪ್ರೊಪೋಫಾಲೋ, ಕೆಟಮಿನ್-ಡಯಾಜೆಪಾಮೋ?

ಕೆಂಚಿಯ ಮನೆಯವರು, ಸರಸ್ವತಿಪುರಂ, ಮೈಸೂರು

ನಮ್ಮ ಮನೆಯಲ್ಲಿ ಆರು ವರ್ಷದ, 21 ಕಿಲೋ ತೂಕದ ಮುಧೋಳ ಹೆಣ್ಣುನಾಯಿ ಇದೆ, ಹೆಸರು ಕೆಂಚಿ. ಅವಳ ಹಿಂಬದಿಯ ಮೊಲೆಯ ಬಳಿ ನೆಲ್ಲಿಕಾಯಿ ಗಾತ್ರದ ಗಂಟೊಂದು ಎರಡು ತಿಂಗಳಿನಿಂದ ಬೆಳೆಯುತ್ತಿದ್ದು, ಅದನ್ನು ತೆಗೆಸಲೇಬೇಕೆಂದು ನಮ್ಮ ವೈದ್ಯರು ಹೇಳಿದ್ದಾರೆ. ಎದೆಯ ಎಕ್ಸ್‌ರೇ ಆಗಿದೆ, ಶ್ವಾಸಕೋಶದಲ್ಲಿ ಏನೂ ಕಂಡಿಲ್ಲ. ಶಸ್ತ್ರಚಿಕಿತ್ಸೆಗೆ ನಾವು ಹೆದರುತ್ತಿಲ್ಲ. ನಮ್ಮ ಅಂಜಿಕೆಯೆಲ್ಲ ಅರಿವಳಿಕೆಯದು.

ಕಾರಣ ಹಳೆಯದು. ಎರಡು ವರ್ಷಗಳ ಹಿಂದೆ ಬೇರೊಂದು ಕಡೆ ಅವಳಿಗೆ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ ಮಾಡಿಸಿದಾಗ, ಬೆಳಿಗ್ಗೆ ಹನ್ನೊಂದಕ್ಕೆ ಮಲಗಿಸಿದ ನಾಯಿ ಮರುದಿನ ಮಧ್ಯಾಹ್ನದವರೆಗೆ ಸರಿಯಾಗಿ ಎದ್ದು ನಿಲ್ಲಲಿಲ್ಲ. ಸಂಜೆ ಆರಕ್ಕೆ ಅದೇ ಸ್ಥಿತಿಯಲ್ಲಿ ಅವಳನ್ನು ನಮ್ಮ ಕೈಗೆ ಕೊಟ್ಟು ಕಳಿಸಿದರು. ಡಿಸೆಂಬರ್ ತಿಂಗಳು, ರಾತ್ರಿಯಿಡೀ ಕಂಬಳಿ ಹೊದಿಸಿ, ಮೂಗಿನ ಬಳಿ ಅಂಗೈ ಹಿಡಿದು ಉಸಿರು ನೋಡುತ್ತ ಕುಳಿತಿದ್ದೆವು. ಆಗಿನ ಚೀಟಿಯಲ್ಲಿ ಅಟ್ರೋಪಿನ್, ಕ್ಸೈಲಜಿನ್, ಥಯೋಪೆಂಟೋನ್ ಎಂದು ಬರೆದಿದೆ, ಪ್ರಮಾಣ ಬರೆದಿಲ್ಲ.

ಈಗಿನ ವೈದ್ಯರು ಎರಡು ದಾರಿಗಳನ್ನು ಮುಂದಿಟ್ಟಿದ್ದಾರೆ. ಒಂದು, ಪ್ರೊಪೋಫಾಲ್ ಕೊಟ್ಟು ಮಲಗಿಸಿ ಅದನ್ನೇ ಪಂಪಿನ ಮೂಲಕ ಹರಿಸುತ್ತ ಹೋಗುವುದು. ಇನ್ನೊಂದು, ಕೆಟಮಿನ್ ಮತ್ತು ಡಯಾಜೆಪಾಮ್ ಬೆರೆಸಿ ಕೊಡುವುದು. ಅವರಲ್ಲಿ ಆಮ್ಲಜನಕದ ಸಿಲಿಂಡರ್, ಪಲ್ಸ್ ಆಕ್ಸಿಮೀಟರ್, ಸಿರಿಂಜ್ ಪಂಪ್ ಇವೆ. ಐಸೊಫ್ಲುರೇನ್ ಅನಿಲದ ಯಂತ್ರ ಇಲ್ಲ. ಮೊದಲನೆಯದಕ್ಕೆ ಖರ್ಚು ಹೆಚ್ಚು. ಬಲ್ಲವರು ಎರಡನ್ನೂ ತೂಗಿ ಹೇಳಿದರೆ ಉಪಕಾರವಾಗುತ್ತದೆ.

ಪಶುವೈದ್ಯ, ಕುವೆಂಪುನಗರ

ಹಳೆಯ ಘಟನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಈಗಿನ ಆಯ್ಕೆಗೆ ಬೇಕಾದ ಸುಳಿವು ಅದರಲ್ಲೇ ಇದೆ.

ಥಯೋಪೆಂಟೋನ್ ಕೊಟ್ಟ ನಾಯಿ ಹತ್ತು-ಹದಿನೈದು ನಿಮಿಷಗಳಲ್ಲಿ ಏಳುವುದು ಔಷಧಿ ದೇಹದಿಂದ ಹೊರಹೋದದ್ದರಿಂದಲ್ಲ. ಅದು ಮೊದಲು ಮಿದುಳಿಗೆ ನುಗ್ಗುತ್ತದೆ, ಆಮೇಲೆ ರಕ್ತದ ಜೊತೆ ಸ್ನಾಯುಗಳಿಗೆ, ನಿಧಾನವಾಗಿ ಕೊಬ್ಬಿಗೆ ಹಂಚಿಹೋಗುತ್ತದೆ. ಮಿದುಳಿನಲ್ಲಿ ಅದರ ಮಟ್ಟ ಇಳಿದದ್ದರಿಂದ ನಾಯಿ ಎಚ್ಚರಗೊಳ್ಳುತ್ತದೆಯೇ ಹೊರತು, ಔಷಧಿಯ ಬಹುಪಾಲು ಇನ್ನೂ ಮೈಯಲ್ಲೇ ಇರುತ್ತದೆ. ಅದನ್ನು ನಿಜವಾಗಿ ಕರಗಿಸುವ ಕೆಲಸ ಯಕೃತ್ತಿನದು, ಅದಕ್ಕೆ ಗಂಟೆಗಟ್ಟಲೆ ಬೇಕು. ಮೊದಲ ಡೋಸಿನ ಮೇಲೆ ಮತ್ತೆ ಮತ್ತೆ ಸ್ವಲ್ಪ ಸ್ವಲ್ಪ ಸೇರಿಸುತ್ತ ಹೋದರೆ ಸ್ನಾಯುಗಳು ಮೊದಲೇ ತುಂಬಿಕೊಂಡಿರುತ್ತವೆ, ಹಂಚಿಹೋಗಲು ಜಾಗವೇ ಉಳಿಯುವುದಿಲ್ಲ. ಗರ್ಭಕೋಶದ ಶಸ್ತ್ರಚಿಕಿತ್ಸೆ ಮುಕ್ಕಾಲು ಗಂಟೆ ಹಿಡಿದಿದ್ದರೆ ಒಂದೇ ಡೋಸಿನಲ್ಲಿ ಮುಗಿದಿರುವ ಸಾಧ್ಯತೆ ಕಡಿಮೆ.

ಇದಕ್ಕೆ ತಳಿಯ ವಿಷಯವೂ ಸೇರುತ್ತದೆ. ಗ್ರೇಹೌಂಡ್‌ನಂಥ, ಕಣ್ಣಿನಿಂದ ಬೇಟೆ ಹಿಡಿಯುವ ನಾಯಿಗಳಲ್ಲಿ ಕೊಬ್ಬು ಬಹಳ ಕಡಿಮೆ; ಜೊತೆಗೆ ಗ್ರೇಹೌಂಡ್‌ಗಳ ಯಕೃತ್ತು ಥಯೋಪೆಂಟೋನನ್ನು ಬೇರೆ ನಾಯಿಗಳಿಗಿಂತ ನಿಧಾನವಾಗಿ ಕರಗಿಸುತ್ತದೆ. ಸಾದಾ ಬೀದಿನಾಯಿ ಎರಡು ಗಂಟೆಯಲ್ಲಿ ಓಡಾಡುವ ಡೋಸಿಗೆ ಗ್ರೇಹೌಂಡ್ ಅರ್ಧ ದಿನ ಮಲಗಿರಬಲ್ಲದು. ಮುಧೋಳವೂ ಅದೇ ಮೈಕಟ್ಟಿನ ಬೇಟೆನಾಯಿ. ಪಕ್ಕೆಲುಬು ಎಣಿಸಬಹುದಾದ ಆ ಮೈಯನ್ನು ನೋಡಿದ ಮೇಲೆ ನಾನು ಮುಧೋಳಕ್ಕೆ, ಕಾರವಾನ ಎಂಬ ಬೇಟೆತಳಿಗೆ ಥಯೋಪೆಂಟೋನ್ ಮುಟ್ಟುವುದನ್ನು ಬಿಟ್ಟಿದ್ದೇನೆ. ಕೆಂಚಿಗೆ ಅಂದು ಮಂಪರು ಬರಿಸುವ ಕ್ಸೈಲಜಿನ್ ಕೂಡ ಬಿದ್ದಿದೆ. ಅದು ಥಯೋಪೆಂಟೋನಿನ ಅಗತ್ಯವನ್ನು ಅರ್ಧಕ್ಕೂ ಕೆಳಗೆ ಇಳಿಸಬಲ್ಲ ಔಷಧಿ. ಹಾಗೆ ಇಳಿಸದೆ ಪೂರ್ತಿ ಲೆಕ್ಕದಲ್ಲಿ ಕೊಟ್ಟಿದ್ದರೆ, ಮೇಲೆ ಡಿಸೆಂಬರಿನ ಚಳಿಗೆ ಮೈ ತಣ್ಣಗಾಗಿದ್ದರೆ, ಇಪ್ಪತ್ನಾಲ್ಕು ಗಂಟೆಯ ನಿದ್ರೆಗೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಈಗ ನಿಮ್ಮ ಮುಂದಿರುವ ಎರಡೂ ದಾರಿಗಳು ಕೆಂಚಿಗೆ ಥಯೋಪೆಂಟೋನಿಗಿಂತ ಒಳ್ಳೆಯವೇ. ನನ್ನ ಒಲವು ಪ್ರೊಪೋಫಾಲ್ ಕಡೆಗೆ. ಯಕೃತ್ತಿನಲ್ಲಿ ಮಾತ್ರವಲ್ಲದೆ ಅದರ ಹೊರಗೂ ಅದು ಕರಗುತ್ತದೆ. ಅರ್ಧ-ಮುಕ್ಕಾಲು ಗಂಟೆ ಹರಿಸಿದರೂ ನಾಯಿ ನಿಚ್ಚಳವಾಗಿ ಏಳುತ್ತದೆ. ಗ್ರೇಹೌಂಡ್‌ಗಳು ಪ್ರೊಪೋಫಾಲಿನಿಂದ ಏಳುವುದೂ ಉಳಿದ ನಾಯಿಗಳಿಗಿಂತ ಕೊಂಚ ತಡವೇ, ಆದರೆ ಆ ತಡವನ್ನು ನಿಮಿಷಗಳಲ್ಲಿ ಎಣಿಸಬಹುದು.

ನಿವೃತ್ತ ಪಶುವೈದ್ಯ, ಮಂಡ್ಯ

ಥಯೋಪೆಂಟೋನನ್ನು ಖಳನಾಯಕನನ್ನಾಗಿ ಮಾಡುವ ಮೊದಲು ಒಂದೆರಡು ಮಾತು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ನಾಯಿಗೆ ಅರಿವಳಿಕೆ ಎಂದರೆ ಅದೇ. 1934ರಲ್ಲಿ ಅಮೆರಿಕದಲ್ಲಿ ಮನುಷ್ಯರಿಗೆ ಮೊದಲ ಬಾರಿ ಕೊಟ್ಟ ಔಷಧಿ. ನಮ್ಮ ಕೈಗೆ ಹಳದಿ ಪುಡಿಯ ಸೀಸೆಯಾಗಿ ಬರುತ್ತಿತ್ತು. ಅರ್ಧ ಗ್ರಾಂ ಪುಡಿಗೆ 20 ಮಿಲಿ ಶುದ್ಧ ನೀರು ಸೇರಿಸಿದರೆ ಶೇಕಡಾ 2.5ರ ದ್ರಾವಣ. ಬೀದಿಯ ಗಟ್ಟಿ ನಾಯಿಗೆ, ಹತ್ತು ನಿಮಿಷದ ಕೆಲಸಕ್ಕೆ, ಒಂದೇ ಡೋಸಿಗೆ ಅದರಂಥ ಸಲೀಸಾದ ಔಷಧಿ ಇರಲಿಲ್ಲ. ಸೂಜಿ ಹೊರಗೆ ಬರುವಷ್ಟರಲ್ಲಿ ತಲೆ ವಾಲಿರುತ್ತಿತ್ತು.

ಆದರೆ ಅದರ ಇನ್ನೊಂದು ಮುಖವನ್ನೂ ಹೇಳಬೇಕು. ಆ ದ್ರಾವಣದ ಪಿಎಚ್ ಹತ್ತಕ್ಕೂ ಮೇಲೆ, ಸುಣ್ಣದ ತಿಳಿಯ ಹತ್ತಿರಕ್ಕೆ ಬರುವ ಕ್ಷಾರ. ಒಮ್ಮೆ ನಾನು ಮದ್ದೂರಿನ ಕಡೆಯ ತೋಟದ ಮನೆಯೊಂದರಲ್ಲಿ ಕ್ಯಾನುಲಾ (ರಕ್ತನಾಳದೊಳಗೆ ಕೂರಿಸುವ ಮೆದುವಾದ ಸಣ್ಣ ಕೊಳವೆ) ಇಲ್ಲದೆ ಬರಿಯ ಸೂಜಿಯಿಂದಲೇ ಮುಂಗಾಲಿನ ರಕ್ತನಾಳಕ್ಕೆ ಕೊಡುತ್ತಿದ್ದಾಗ ನಾಯಿ ಕಾಲು ಜಾಡಿಸಿತು. ಎರಡು ಮಿಲಿಯಷ್ಟು ಚರ್ಮದಡಿಗೆ ಹೋಯಿತು. ಕೂಡಲೇ ಸುತ್ತಲೂ ಸಲೈನ್ ಮತ್ತು ಲಿಗ್ನೊಕೇನ್ ಚುಚ್ಚಿ ತೆಳುಮಾಡಲು ಯತ್ನಿಸಿದೆ. ಆದರೂ ಐದನೆಯ ದಿನಕ್ಕೆ ಚರ್ಮ ಕಪ್ಪಾಗಿ, ಅಂಗೈಯಗಲ ಕಳಚಿಬಿತ್ತು. ಆ ಹುಣ್ಣು ಮಾಯಲು ಒಂದೂವರೆ ತಿಂಗಳು ಹಿಡಿಯಿತು. ಯಜಮಾನರು ಒಂದು ಮಾತೂ ಆಡಲಿಲ್ಲ, ಪ್ರತಿ ಸಲ ಹೋದಾಗಲೂ ಎಳನೀರು ಕೊಟ್ಟರು. ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲ. ಅಂದಿನಿಂದ ಕ್ಯಾನುಲಾ ಹಾಕದೆ, ಅದರಲ್ಲಿ ಸಲೈನ್ ಸರಾಗವಾಗಿ ಹೋಗುವುದನ್ನು ನೋಡದೆ ಯಾವ ಅರಿವಳಿಕೆಯನ್ನೂ ಕೊಟ್ಟವನಲ್ಲ. ಪ್ರೊಪೋಫಾಲಿಗೆ ಆ ಭಯವಿಲ್ಲ. ನಾಳದ ಹೊರಗೆ ಹೋದರೂ ಚರ್ಮ ಕೊಳೆಯುವುದಿಲ್ಲ.

ಶಿಬಿರದ ಪಶುವೈದ್ಯೆ, ಪಾಂಡವಪುರ

ಕುವೆಂಪುನಗರದ ಮಿತ್ರರ ವಿವರಣೆಗೆ ನನ್ನ ಒಪ್ಪಿಗೆ ಇದೆ, ತೀರ್ಮಾನಕ್ಕೆ ಪೂರ್ತಿ ಇಲ್ಲ. ಪ್ರೊಪೋಫಾಲ್ ಒಳ್ಳೆಯದು ಎಂಬ ವಾಕ್ಯದ ಹಿಂದೆ ಹೇಳದೆ ಉಳಿದ ಮಾತೊಂದಿದೆ: ಉಸಿರು ನಿಂತರೆ ಉಸಿರು ಕೊಡುವವರು ಪಕ್ಕದಲ್ಲಿರಬೇಕು. ಪ್ರೊಪೋಫಾಲನ್ನು ಬೇಗನೆ ತಳ್ಳಿದರೆ ನಾಯಿ ಉಸಿರಾಡುವುದನ್ನು ನಿಲ್ಲಿಸುತ್ತದೆ, ರಕ್ತದೊತ್ತಡವೂ ಇಳಿಯುತ್ತದೆ. ಉಸಿರ್ನಾಳಕ್ಕೆ ಕೊಳವೆ ಇಳಿಸಿ ಚೀಲ ಒತ್ತುವವರಿದ್ದರೆ ಇದು ಎರಡು ನಿಮಿಷದ ಗಡಿಬಿಡಿ. ಇಲ್ಲದಿದ್ದರೆ ಅದೇ ಸಾವು.

ನಾನು ಕೆಲಸ ಮಾಡುವುದು ಹಳ್ಳಿಯ ಸಂತಾನಹರಣ ಶಿಬಿರಗಳಲ್ಲಿ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಬಂದ ಮೇಲೆ ಸೌಲಭ್ಯಗಳ ಬಗ್ಗೆ ಬಿಗಿ ಹೆಚ್ಚಿದೆ, ಆದರೂ ಎಲ್ಲ ಮೇಜಿನ ಪಕ್ಕದಲ್ಲೂ ಆಮ್ಲಜನಕ ಇರುತ್ತದೆಂದು ಹೇಳಲಾರೆ. ಅಂಥ ಕಡೆ ಕೆಟಮಿನ್ ಕೈ ಹಿಡಿಯುತ್ತದೆ. ಅದು ಉಸಿರಾಟವನ್ನು ಬಹುಮಟ್ಟಿಗೆ ಉಳಿಸುತ್ತದೆ, ಹೃದಯದ ಬಡಿತವನ್ನು ಏರಿಸಿ ಒತ್ತಡವನ್ನು ಕಾಯುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ನೋವನ್ನು ತಗ್ಗಿಸುತ್ತದೆ. ಪ್ರೊಪೋಫಾಲ್, ಥಯೋಪೆಂಟೋನ್ ಎರಡೂ ಬರೀ ನಿದ್ರೆ ತರಿಸುವಂಥವು, ನೋವಿಗೆ ಏನನ್ನೂ ಮಾಡುವುದಿಲ್ಲ. ಪ್ರೊಪೋಫಾಲ್ ಒಂದನ್ನೇ ಕೊಟ್ಟು ಗಂಟು ಕೊಯ್ಯುತ್ತೇವೆಂದು ಯಾರಾದರೂ ಹೇಳಿದರೆ, ನೋವಿಗೆ ಏನು ಕೊಡುತ್ತೀರೆಂದು ಕೆಂಚಿಯ ಮನೆಯವರು ಅಲ್ಲೇ ಕೇಳಬೇಕು.

ಕೆಟಮಿನ್ ಒಂದನ್ನೇ ನಾಯಿಗೆ ಕೊಡುವಂತಿಲ್ಲ ಎಂಬುದನ್ನೂ ಹೇಳುತ್ತೇನೆ: ಮೈ ಸೆಟೆದುಕೊಳ್ಳುತ್ತದೆ, ಕೆಲವೊಮ್ಮೆ ಸೆಳವೇ ಬರುತ್ತದೆ. ಡಯಾಜೆಪಾಮ್ ಅಥವಾ ಮಿಡಜೋಲಾಮ್ ಜೊತೆಗಿರುವುದು ಅದಕ್ಕಾಗಿ.

ಪಶುವೈದ್ಯ ವಿದ್ಯಾರ್ಥಿ

ಕೆಟಮಿನ್ ಮತ್ತು ಡಯಾಜೆಪಾಮನ್ನು ಸಮ ಪ್ರಮಾಣದಲ್ಲಿ ಬೆರೆಸಿ, ಹತ್ತು ಕಿಲೋಗೆ ಸುಮಾರು ಒಂದು ಮಿಲಿಯಂತೆ ಕೊಡಬೇಕೆಂದು ಪುಸ್ತಕದಲ್ಲಿ ಓದಿದ್ದೇನೆ. ಹಾಗೆ ಕೊಟ್ಟ ನಾಯಿ ಪೂರ್ತಿ ಮಲಗಲಿಲ್ಲವೆಂದು ನನ್ನ ಹಿರಿಯರೊಬ್ಬರು ಹೇಳಿದರು. ಕಾರಣವೇನಿರಬಹುದು?

ಶಿಬಿರದ ಪಶುವೈದ್ಯೆ, ಪಾಂಡವಪುರ

ಪುಸ್ತಕ ಅಮೆರಿಕದ್ದು, ಸೀಸೆ ನಮ್ಮದು. ಅಲ್ಲಿ ಪ್ರಾಣಿಗಳಿಗೆ ಮಾರುವ ಕೆಟಮಿನ್ ಮಿಲಿಗೆ 100 ಮಿಲಿಗ್ರಾಂ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು ಮಿಲಿಗೆ 50 ಮಿಲಿಗ್ರಾಂ. ಡಯಾಜೆಪಾಮ್ ಎರಡೂ ಕಡೆ ಮಿಲಿಗೆ 5 ಮಿಲಿಗ್ರಾಂ. ಕೆಂಚಿಯ 21 ಕಿಲೋ ತೂಕವನ್ನೇ ತೆಗೆದುಕೊಳ್ಳಿ. ಕಿಲೋಗೆ 5 ಮಿಲಿಗ್ರಾಂ ಕೆಟಮಿನ್ ಎಂದರೆ 105 ಮಿಲಿಗ್ರಾಂ, ಅಂದರೆ ನಮ್ಮ ಸೀಸೆಯಿಂದ 2.1 ಮಿಲಿ, ಕಿಲೋಗೆ 0.25 ಮಿಲಿಗ್ರಾಂ ಡಯಾಜೆಪಾಮ್ ಎಂದರೆ ಸುಮಾರು 1.05 ಮಿಲಿ. ಎರಡಕ್ಕೆ ಒಂದರ ಲೆಕ್ಕ. ಪುಸ್ತಕದ ಸಮಪಾಲನ್ನು ನಮ್ಮ ಸೀಸೆಗೆ ಹಚ್ಚಿದರೆ ಕೆಟಮಿನ್ ಅರ್ಧಕ್ಕೆ ಇಳಿಯುತ್ತದೆ. ನಾಯಿ ಹೇಗೆ ತಾನೇ ಮಲಗೀತು? ಆಮೇಲೆ ಮಲಗಲಿಲ್ಲವೆಂದು ಗಾಬರಿಯಲ್ಲಿ ಕ್ಸೈಲಜಿನ್ ಸೇರಿಸುತ್ತಾರೆ, ನಿಜವಾದ ಅಪಾಯ ಅಲ್ಲಿಂದ ಶುರುವಾಗುತ್ತದೆ. ಔಷಧಿಯನ್ನು ಮಿಲಿಗ್ರಾಮಿನಲ್ಲಿ ಲೆಕ್ಕ ಹಾಕಿ, ಮಿಲಿಯಲ್ಲಿ ಬಾಯಿಪಾಠ ಮಾಡಬೇಡಿ.

ಬೆರೆಸಿದ್ದನ್ನು ಆಗಲೇ ಬಳಸಿ. ಡಯಾಜೆಪಾಮ್ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ, ಸಿರಿಂಜಿನಲ್ಲಿ ಗಂಟೆಗಟ್ಟಲೆ ಇಟ್ಟರೆ ಎಷ್ಟು ಉಳಿದಿದೆಯೆಂದು ಹೇಳುವಂತಿಲ್ಲ.

ಅರಿವಳಿಕೆ ತಜ್ಞೆ, ಮೈಸೂರು

ನಾನು ಮನುಷ್ಯರಿಗೆ ಅರಿವಳಿಕೆ ಕೊಡುವವಳು. ಮನೆಯಲ್ಲಿ ಎರಡು ನಾಯಿಗಳಿರುವುದರಿಂದ ಈ ಚರ್ಚೆಯೊಳಗೆ ತಲೆಹಾಕುತ್ತಿದ್ದೇನೆ. ಪ್ರೊಪೋಫಾಲ್ ನಮ್ಮ ಕ್ಷೇತ್ರದಿಂದ ಪಶುವೈದ್ಯರಿಗೆ ಹೋದದ್ದೆಂದು ಅನೇಕರು ತಿಳಿದಿದ್ದಾರೆ. ನಮಗೆ ಅದನ್ನು ಕೊಟ್ಟದ್ದೇ ಒಬ್ಬ ಪಶುವೈದ್ಯ. ಸ್ಕಾಟ್ಲೆಂಡಿನ ಪಶುವೈದ್ಯ ಜಾನ್ ಗ್ಲೆನ್ ಅವರು ಬ್ರಿಟನ್ನಿನ ಐಸಿಐ ಕಂಪನಿಯಲ್ಲಿದ್ದಾಗ 1970ರ ದಶಕದಲ್ಲಿ ಅದನ್ನು ಗುರುತಿಸಿದರು. ಆ ಕೆಲಸಕ್ಕೆ 2018ರಲ್ಲಿ ಅವರಿಗೆ ಲಾಸ್ಕರ್ ಪ್ರಶಸ್ತಿ ಬಂತು. ಮೊದಲು ಅದನ್ನು ಕ್ರೆಮೋಫೋರ್ ಎಂಬ ದ್ರಾವಕದಲ್ಲಿ ಕರಗಿಸಿದ್ದರು, ಅದು ಅಲರ್ಜಿ ತಂದದ್ದರಿಂದ ಸೋಯಾ ಎಣ್ಣೆ ಮತ್ತು ಮೊಟ್ಟೆಯ ಲೆಸಿಥಿನ್ ಸೇರಿದ ಹಾಲಿನಂಥ ಎಮಲ್ಷನ್ ಮಾಡಿ 1986ರಲ್ಲಿ ಮಾರುಕಟ್ಟೆಗೆ ತಂದರು.

ಆ ಹಾಲಿನ ರೂಪದಲ್ಲೇ ಒಂದು ತೊಂದರೆ ಇದೆ. ಎಣ್ಣೆ ಮತ್ತು ಮೊಟ್ಟೆಯ ಅಂಶ ಬ್ಯಾಕ್ಟೀರಿಯಾಗಳಿಗೆ ಒಳ್ಳೆಯ ಊಟ. ಒಡೆದ ಸೀಸೆಯನ್ನು ಆರು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಫ್ರಿಜ್ಜಿನಲ್ಲಿಟ್ಟು ನಾಳೆಯ ನಾಯಿಗೆ ಕೊಡುವ ಉಳಿತಾಯ ಸೋಂಕನ್ನು ನೇರ ರಕ್ತಕ್ಕೆ ಸೇರಿಸುವ ದಾರಿ. ಕೆಂಚಿಗೆ ಹೊಸ ಸೀಸೆ ಒಡೆಯುತ್ತೀರಾ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಇನ್ನೊಂದು, ಪ್ರಮಾಣದ ವಿಷಯ. ಪೂರ್ವೌಷಧ (ಮಲಗಿಸುವ ಮೊದಲು ಕೊಡುವ ಮಂಪರಿನ ಔಷಧಿ) ಕೊಟ್ಟ ನಾಯಿಗೆ ಕಿಲೋಗೆ ಸುಮಾರು 4 ಮಿಲಿಗ್ರಾಂ ಎಂದು ಸಿರಿಂಜಿನಲ್ಲಿ ಎಳೆದಿಟ್ಟುಕೊಳ್ಳುತ್ತಾರೆ, ಆದರೆ ಅದು ಎಳೆದಿಟ್ಟುಕೊಳ್ಳುವ ಲೆಕ್ಕ, ಕೊಡುವ ಲೆಕ್ಕವಲ್ಲ. ಕಾಲು ಭಾಗ ಕೊಟ್ಟು ಅರ್ಧ ನಿಮಿಷ ಕಾಯುವುದು, ದವಡೆ ಸಡಿಲವಾಯಿತೇ ನೋಡುವುದು, ಬೇಕಿದ್ದರೆ ಮತ್ತೆ ಕಾಲು ಭಾಗ. ವಯಸ್ಸಾದ ಅಥವಾ ರಕ್ತ ಕಡಿಮೆಯಿರುವ ದೇಹದಲ್ಲಿ ತೋಳಿನಿಂದ ಮಿದುಳಿಗೆ ಔಷಧಿ ತಲಪುವುದೇ ನಿಧಾನ. ಮಲಗಲಿಲ್ಲವೆಂದು ಅವಸರಪಟ್ಟು ಉಳಿದದ್ದನ್ನೂ ತಳ್ಳಿದರೆ ಎಲ್ಲ ಒಟ್ಟಿಗೆ ಬಂದು ಬಡಿಯುತ್ತದೆ.

ಪಗ್ ಸಾಕಿದವರು, ಮದ್ದೂರು

ನಮ್ಮ ಪಗ್ಗಿಗೆ ಹಲ್ಲು ತೆಗೆಸಬೇಕಾಗಿದೆ. ಮೂಗು ಚಪ್ಪಟೆಯಿರುವ ನಾಯಿಗಳಿಗೆ ಬೇರೆ ಔಷಧಿ ಬೇಕೇ?

ಪಶುವೈದ್ಯ, ಕುವೆಂಪುನಗರ

ಔಷಧಿಗಿಂತ ಮುಖ್ಯವಾದದ್ದು ಹಿಂದು-ಮುಂದಿನ ಜಾಗ್ರತೆ. ಮಲಗಿಸುವ ಮೊದಲು ಮೂರರಿಂದ ಐದು ನಿಮಿಷ ಮಾಸ್ಕಿನಲ್ಲಿ ಆಮ್ಲಜನಕ ಕೊಡಬೇಕು. ಬೇಗ ಕೊಳವೆ ಇಳಿಸಲು ಪ್ರೊಪೋಫಾಲ್ ಅನುಕೂಲ. ಕೊಳವೆಯನ್ನು ನಾಯಿ ಪೂರ್ತಿ ಎಚ್ಚರವಾಗಿ ಅಗಿಯಲು ತೊಡಗುವವರೆಗೆ ತೆಗೆಯಬಾರದು. ಕೊಳವೆ ಇಳಿಸುವ ವ್ಯವಸ್ಥೆ ಇಲ್ಲದ ಕಡೆ ಪಗ್ಗಿಗೆ ಅರಿವಳಿಕೆಯೇ ಬೇಡ.

ಪಶುವೈದ್ಯ ವಿದ್ಯಾರ್ಥಿ

ರಕ್ತನಾಳಕ್ಕೆ ಕೊಟ್ಟು ಮಲಗಿಸುವ ಇನ್ನೆರಡು ಔಷಧಿಗಳಾದ ಆಲ್ಫಾಕ್ಸಲೋನ್, ಎಟೊಮಿಡೇಟ್ ಬಗ್ಗೆ ಯಾರೂ ಹೇಳಲಿಲ್ಲ.

ಪಶುವೈದ್ಯ, ಕುವೆಂಪುನಗರ

ಆಲ್ಫಾಕ್ಸಲೋನ್ ಒಳ್ಳೆಯ ಔಷಧಿ, ಪ್ರೊಪೋಫಾಲಿನಂತೆಯೇ ನಡೆದುಕೊಳ್ಳುತ್ತದೆ; ಹಳೆಯ ರೂಪದಲ್ಲಿದ್ದ ಕ್ರೆಮೋಫೋರ್ ನಾಯಿಗಳ ಮೈಯಲ್ಲಿ ಅಲರ್ಜಿ ತರುವ ಹಿಸ್ಟಮಿನ್ ಬಿಡಿಸುತ್ತಿತ್ತು, ಈಗಿನದರಲ್ಲಿ ಅದರ ಬದಲು ಸೈಕ್ಲೋಡೆಕ್ಸ್ಟ್ರಿನ್ ಇದೆ. ಎಟೊಮಿಡೇಟ್ ಹೃದಯವನ್ನು ಹೆಚ್ಚು ಕಾಡದು, ಹಾಗಾಗಿ ಹೃದ್ರೋಗವಿರುವ ನಾಯಿಗೆ ನೆನಪಾಗುತ್ತದೆ. ಆದರೆ ಅಡ್ರಿನಲ್ ಗ್ರಂಥಿಯ ಕೆಲಸವನ್ನು ಕೆಲ ಗಂಟೆ ತಡೆಯುತ್ತದೆ, ಪಂಪಿನಲ್ಲಿ ಹರಿಸುವಂಥದ್ದಲ್ಲ. ಆರೋಗ್ಯವಾಗಿರುವ ಕೆಂಚಿಗೆ ಇವೆರಡನ್ನೂ ಹುಡುಕಿಕೊಂಡು ಹೋಗುವ ಅಗತ್ಯ ಕಾಣೆ.

ಕೆಂಚಿಯ ಮನೆಯವರು, ಸರಸ್ವತಿಪುರಂ

ಎಲ್ಲರಿಗೂ ಧನ್ಯವಾದ. ಎರಡು ಪ್ರಶ್ನೆಗಳು ಉಳಿದಿವೆ. ಹಿಂದೆ ಕ್ಸೈಲಜಿನ್ ಕೊಟ್ಟಾಗ ಅವಳು ವಾಂತಿ ಮಾಡಿದ್ದಳು, ಆ ಔಷಧಿಯನ್ನು ಬೇಡವೆನ್ನಬಹುದೇ? ಹೋದ ವರ್ಷ ಉಣ್ಣೆಜ್ವರ (ಉಣುಗು ಕಚ್ಚಿ ಬರುವ ಜ್ವರ) ಬಂದು ಗುಣವಾಗಿದೆ, ಅದನ್ನು ಹೇಳುವ ಅಗತ್ಯವಿದೆಯೇ?

ಶಿಬಿರದ ಪಶುವೈದ್ಯೆ, ಪಾಂಡವಪುರ

ಎರಡನೆಯದನ್ನು ಮೊದಲು ಹೇಳುತ್ತೇನೆ. ಖಂಡಿತ ಹೇಳಿ. ನಮ್ಮ ಸೀಮೆಯಲ್ಲಿ ಅರಿವಳಿಕೆಗೆ ಮುಂಚಿನ ರಕ್ತಪರೀಕ್ಷೆಯನ್ನು ಶಾಸ್ತ್ರಕ್ಕೆಂದು ಮಾಡಿಸುವಂತಿಲ್ಲ, ಉಣ್ಣೆಯಿಂದ ಬರುವ ಎರ್ಲಿಕಿಯಾ, ಬಬೇಸಿಯಾ ಎರಡೂ ಇಲ್ಲಿ ಮನೆಮಾತಾಗಿವೆ. ಎರ್ಲಿಕಿಯಾ ಮೈಯಲ್ಲಿ ಅಡಗಿ ಕೂತು ಪ್ಲೇಟ್‌ಲೆಟ್ ಇಳಿಸಿರಬಹುದು. ನಾಯಿ ಹೊರಗೆ ಚುರುಕಾಗಿಯೇ ಇರುತ್ತದೆ, ಕೊಯ್ದ ಮೇಲೆ ರಕ್ತ ನಿಲ್ಲುವುದಿಲ್ಲ. ಬಬೇಸಿಯಾ ರಕ್ತಹೀನತೆ ತಂದಿದ್ದರೆ ಯಾವ ಅರಿವಳಿಕೆಯೂ ಸುರಕ್ಷಿತವಲ್ಲ. ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಯಕೃತ್ತು-ಮೂತ್ರಪಿಂಡದ ಪರೀಕ್ಷೆ ಇಷ್ಟಾದರೂ ಆ ವಾರದಲ್ಲೇ ಆಗಿರಲಿ. ಮುಧೋಳದಂಥ ಬೇಟೆನಾಯಿಗಳಲ್ಲಿ ಕೆಂಪುರಕ್ತಕಣಗಳ ಪ್ರಮಾಣ ಸಹಜವಾಗಿಯೇ ಮೇಲಿರುವುದುಂಟು. ಬೇರೆ ನಾಯಿಗೆ ಸಾಧಾರಣವೆನ್ನುವ ಅಂಕಿ ಕೆಂಚಿಗೆ ಕಡಿಮೆಯೇ ಇರಬಹುದು ಎಂಬುದನ್ನು ವೈದ್ಯರು ಗಮನಿಸಲಿ.

ಕ್ಸೈಲಜಿನ್ ನನ್ನ ದಿನನಿತ್ಯದ ಔಷಧಿ, ಅದರ ಮೇಲೆ ಹಗೆಯಿಲ್ಲ. ಅಗ್ಗ, ನೋವಿಗೂ ಒದಗುತ್ತದೆ, ಯೋಹಿಂಬಿನ್ ಕೊಟ್ಟು ಅದರ ಪರಿಣಾಮವನ್ನು ತೆಗೆಯಬಹುದು. ಕೆಟಮಿನ್ ಕೊಟ್ಟ ಕೂಡಲೇ ಯೋಹಿಂಬಿನ್ ಕೊಟ್ಟರೆ ಮಾತ್ರ ಕೆಟಮಿನ್ ಒಂದೇ ಉಳಿದು ನಾಯಿ ಸೆಟೆದು ಒದ್ದಾಡುತ್ತದೆ, ಅರ್ಧ ಗಂಟೆಯಾದರೂ ಕಳೆಯಬೇಕು. ಆದರೆ ಕ್ಸೈಲಜಿನ್ ಮೊದಲು ರಕ್ತನಾಳಗಳನ್ನು ಬಿಗಿದು ಒತ್ತಡ ಏರಿಸಿ, ಆಮೇಲೆ ಹೃದಯವನ್ನು ನಿಧಾನಗೊಳಿಸುತ್ತದೆ. ಬಡಿತ ನಡುನಡುವೆ ತಪ್ಪುವುದೂ ಉಂಟು. ಆಯ್ಕೆಯಿರುವ ಕಡೆ, ಆರು ವರ್ಷದ ನಾಯಿಗೆ ನೋವು ತಗ್ಗಿಸುವ ಬುಟಾರ್ಫನಾಲ್ ಮತ್ತು ಮಿಡಜೋಲಾಮ್ ಪೂರ್ವೌಷಧವಾಗಿ ಸಾಕು.

ನಿವೃತ್ತ ಪಶುವೈದ್ಯ, ಮಂಡ್ಯ

ಬಡಿತ ನಿಧಾನವಾದರೆ ಅಟ್ರೋಪಿನ್ ಇದೆಯಲ್ಲ. ನಾವು ಎಲ್ಲ ನಾಯಿಗೂ ಮೊದಲೇ ಅಟ್ರೋಪಿನ್ ಕೊಡುತ್ತಿದ್ದೆವು.

ಅರಿವಳಿಕೆ ತಜ್ಞೆ, ಮೈಸೂರು

ಅಲ್ಲಿಯೇ ತೊಡಕು. ಕ್ಸೈಲಜಿನ್ ಅಥವಾ ಅದೇ ಜಾತಿಯ ಡೆಕ್ಸ್‌ಮೆಡಿಟೊಮಿಡಿನ್ ನಾಳಗಳನ್ನು ಬಿಗಿದು ಒತ್ತಡ ಏರಿಸಿದ್ದರಿಂದಲೇ ಹೃದಯ ತಾನಾಗಿ ನಿಧಾನಿಸಿರುತ್ತದೆ. ಆ ಹೊತ್ತಿನಲ್ಲಿ ಅಟ್ರೋಪಿನ್ ಕೊಟ್ಟು ಬಡಿತವನ್ನು ಓಡಿಸಿದರೆ, ಮುಚ್ಚಿದ ತೂಬಿನೆದುರು ಪಂಪು ಜೋರು ಮಾಡಿದಂತೆ. ಹೃದಯಕ್ಕೆ ಕೆಲಸ ಹೆಚ್ಚು, ಆಮ್ಲಜನಕದ ಬೇಡಿಕೆ ಹೆಚ್ಚು. ಬಡಿತದ ಜೊತೆ ಒತ್ತಡವೂ ಇಳಿದಿದ್ದರೆ ಅಟ್ರೋಪಿನ್ ಸರಿ. ಅಂದರೆ ಒತ್ತಡ ಅಳೆಯುವ ಪಟ್ಟಿ ಬೇಕು.

ನಿವೃತ್ತ ಪಶುವೈದ್ಯ, ಮಂಡ್ಯ

ಒಪ್ಪಿದೆ. ನಮ್ಮಲ್ಲಿ ಆ ಪಟ್ಟಿ ಇರಲಿಲ್ಲ. ತೊಡೆಯ ನಾಡಿಯ ಮೇಲೆ ಬೆರಳಿತ್ತು.

ಪಶುವೈದ್ಯ, ಕುವೆಂಪುನಗರ

ಆ ಬೆರಳು ಇಂದಿಗೂ ಬೇಕು. ಬ್ರಿಟನ್ನಿನಲ್ಲಿ 2002ರಿಂದ 2004ರವರೆಗೆ ಸುಮಾರು 98,000 ನಾಯಿಗಳ ಅರಿವಳಿಕೆಯನ್ನು ಹಿಂಬಾಲಿಸಿ ನೋಡಿದ ಅಧ್ಯಯನವೊಂದಿದೆ. ಆರೋಗ್ಯವಂತ ನಾಯಿಗಳಲ್ಲಿ ಅರಿವಳಿಕೆಗೆ ಸಂಬಂಧಿಸಿದ ಸಾವು ಶೇಕಡಾ 0.05, ಅಂದರೆ ಎರಡು ಸಾವಿರಕ್ಕೆ ಒಂದು; ಕಾಯಿಲೆಯ ನಾಯಿಗಳಲ್ಲಿ ಶೇಕಡಾ 1.33, ಅಂದರೆ ಎಪ್ಪತ್ತೈದಕ್ಕೆ ಒಂದು. ಸಾವುಗಳಲ್ಲಿ ಅರ್ಧಕ್ಕೆ ಹತ್ತಿರದಷ್ಟು ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಆದವು, ಅವುಗಳಲ್ಲೂ ಹೆಚ್ಚಿನವು ಮೊದಲ ಮೂರು ಗಂಟೆಯೊಳಗೆ. ಹೊಲಿಗೆ ಹಾಕಿ ಕೈತೊಳೆದುಕೊಂಡು ಎಲ್ಲರೂ ಕಾಫಿಗೆ ಹೊರಡುವ ಹೊತ್ತು ಅದು.

ಹಾಗಾಗಿ ನಾನಾದರೆ ಔಷಧಿಯ ಹೆಸರಿಗಿಂತ ಹೆಚ್ಚಾಗಿ, ಆ ಮೂರು ಗಂಟೆ ಕೆಂಚಿಯ ಪಕ್ಕದಲ್ಲಿ ಯಾರು ಕೂರುತ್ತಾರೆಂದು ವಿಚಾರಿಸುತ್ತಿದ್ದೆ. ಎರಡು ವರ್ಷದ ಹಿಂದೆ ಅವಳು ಬದುಕಿದ್ದಕ್ಕೆ ನೀವು ರಾತ್ರಿಯಿಡೀ ಎದ್ದಿದ್ದೂ ಕಾರಣವಿರಬಹುದು, ಆದರೆ ಅದು ಮನೆಯವರ ಮೇಲೆ ಹೊರಿಸುವ ಕೆಲಸವಲ್ಲ.

ಶಿಬಿರದ ಪಶುವೈದ್ಯೆ, ಪಾಂಡವಪುರ

ಆ ವೈದ್ಯರಲ್ಲಿ ಆಮ್ಲಜನಕ, ಕೊಳವೆ, ಪಂಪ್ ಮೂರೂ ಇವೆ ಎಂದಾದರೆ ನಾನೂ ಪ್ರೊಪೋಫಾಲಿಗೇ ಕೈಯೆತ್ತುತ್ತೇನೆ. ಆ ದಿನ ಕರೆಂಟು ಹೋಗಿ, ಪಂಪ್ ಕೈಕೊಟ್ಟು, ಸಹಾಯಕರು ರಜೆಯಲ್ಲಿದ್ದರೆ ಕೆಟಮಿನ್-ಡಯಾಜೆಪಾಮೇ ಮೇಲು. ಅದರಿಂದ ಏಳುವಾಗ ನಾಯಿ ತಲೆ ಆಡಿಸುತ್ತದೆ, ಕಾಲು ಬಡಿಯುತ್ತದೆ. ಕತ್ತಲೆಯ, ಸದ್ದಿಲ್ಲದ ಜಾಗದಲ್ಲಿಟ್ಟರೆ ಸರಿಹೋಗುತ್ತದೆ. ಕಣ್ಣು ತೆರೆದೇ ಇರುವುದರಿಂದ ಮುಲಾಮು ಹಚ್ಚಬೇಕು. ಒಂದು ಮಾತು ನೆನಪಿರಲಿ: 2013ರಿಂದ ಕೆಟಮಿನ್ ಔಷಧ ನಿಯಮಗಳ ಎಕ್ಸ್ ಅನುಸೂಚಿಯಲ್ಲಿದೆ, ಅಂಗಡಿಯವರು ಎರಡು ಪ್ರತಿಯ ಚೀಟಿಯಿಲ್ಲದೆ ಕೊಡುವಂತಿಲ್ಲ. ಮನೆಯವರನ್ನೇ ಔಷಧದ ಅಂಗಡಿಗೆ ಓಡಿಸಿ ಕೆಟಮಿನ್ ತನ್ನಿ ಎನ್ನುವ ಕಡೆ ಶಸ್ತ್ರಚಿಕಿತ್ಸೆ ಮಾಡಿಸಬೇಡಿ.

ಕೆಂಚಿಯ ಮನೆಯವರು, ಸರಸ್ವತಿಪುರಂ

ಹನ್ನೆರಡು ದಿನಗಳ ನಂತರ ಬರೆಯುತ್ತಿದ್ದೇನೆ. ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಕಡಿಮೆ ಬಂದದ್ದರಿಂದ ವೈದ್ಯರು ದಿನಾಂಕವನ್ನು ಒಂದು ವಾರ ಮುಂದೂಡಿದರು, ಮರುಪರೀಕ್ಷೆಯಲ್ಲಿ ಸರಿಯಿತ್ತು. ಥಯೋಪೆಂಟೋನಿನ ಹಳೆಯ ಚೀಟಿಯನ್ನು ತೋರಿಸಿದಾಗ, ಕೆಂಚಿಯ ಕಡತದ ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ ಆ ಹೆಸರು ಬರೆದು ಅಡ್ಡಗೆರೆ ಎಳೆದರು.

ಬುಟಾರ್ಫನಾಲ್ ಮತ್ತು ಮಿಡಜೋಲಾಮ್ ಕೊಟ್ಟು ಕಾಲು ಗಂಟೆ ಬಿಟ್ಟು ಪ್ರೊಪೋಫಾಲ್ ಶುರುಮಾಡಿದರು. 8.4 ಮಿಲಿ ಎಳೆದಿಟ್ಟುಕೊಂಡಿದ್ದರಲ್ಲಿ 6.5 ಮಿಲಿಗೇ ಕೊಳವೆ ಇಳಿಯಿತು. ಅರ್ಧ ನಿಮಿಷದಷ್ಟು ಉಸಿರು ನಿಂತಿತು. ಸಹಾಯಕಿ ಚೀಲ ಒತ್ತುತ್ತಿದ್ದುದನ್ನು ಗಾಜಿನಾಚೆಯಿಂದ ನೋಡಿದೆ. ಇಲ್ಲಿ ಓದಿರದಿದ್ದರೆ ಅಲ್ಲೇ ಕುಸಿಯುತ್ತಿದ್ದೆ. ಗಂಟಿನ ಸುತ್ತ ಲಿಗ್ನೊಕೇನ್ ಚುಚ್ಚಿ, 35 ನಿಮಿಷ ಪಂಪಿನಲ್ಲಿ ಹರಿಸಿದರು. ಮಿನಿಟಿಗೆ ಕಿಲೋಗೆ 0.3 ಮಿಲಿಗ್ರಾಮಿನಂತೆ 22 ಮಿಲಿ. ಒಟ್ಟು ಎರಡು ಸೀಸೆ ಒಡೆದು, ಉಳಿದ 11.5 ಮಿಲಿಯನ್ನು ನನ್ನೆದುರೇ ಚೆಲ್ಲಿದರು. ಅದರ ಬೆಲೆ ನೆನೆದು ಕರುಳು ಚುರುಕ್ಕೆಂದದ್ದು ನಿಜ.

ಪಂಪ್ ನಿಲ್ಲಿಸಿ ಹನ್ನೆರಡು ನಿಮಿಷಕ್ಕೆ ಕೊಳವೆ ತೆಗೆದರು. ಇಪ್ಪತ್ತೈದನೆಯ ನಿಮಿಷಕ್ಕೆ ತಲೆಯೆತ್ತಿದಳು, ಐವತ್ತೈದಕ್ಕೆ ಎದ್ದು ನಿಂತು ಗೋಡೆಗೆ ಒರಗಿದಳು. ಮೈಯ ತಾಪ 36.4 ಡಿಗ್ರಿಗೆ ಇಳಿದಿತ್ತು. ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕಕ್ಕಿಟ್ಟರು. ಸಹಾಯಕಿ ಮೂರು ಗಂಟೆ ಅಲ್ಲಿಂದ ಕದಲಲಿಲ್ಲ, ಕಾಲು ಗಂಟೆಗೊಮ್ಮೆ ಹಾಳೆಯಲ್ಲಿ ಬರೆಯುತ್ತಿದ್ದಳು. ಗಂಟನ್ನು ಪರೀಕ್ಷೆಗೆ ಕಳಿಸಿದ್ದಾರೆ, ವರದಿ ಬರಬೇಕು.

ಶಿಬಿರದ ಪಶುವೈದ್ಯೆ, ಪಾಂಡವಪುರ

ಆ ಹಾಳೆಯಲ್ಲಿ ಯಾವ ಯಾವ ಅಂಕಣಗಳಿದ್ದವೆಂದು ಬರೆಯಬಲ್ಲಿರಾ? ನಮ್ಮ ಶಿಬಿರಕ್ಕೂ ಅಂಥದ್ದೊಂದನ್ನು ಅಚ್ಚು ಹಾಕಿಸಬೇಕೆಂದಿದ್ದೇನೆ.

ಕೆಂಚಿಯ ಮನೆಯವರು, ಸರಸ್ವತಿಪುರಂ

ಸಮಯ, ಹೃದಯದ ಬಡಿತ, ಉಸಿರು, ಒಸಡಿನ ಬಣ್ಣ, ಆಮ್ಲಜನಕದ ಶೇಕಡಾ, ತಾಪ, ಕೊಟ್ಟ ಔಷಧಿ ಮಿಲಿಗ್ರಾಮಿನಲ್ಲಿ, ಬರೆದವರ ಸಹಿ. ಕೊನೆಯ ಅಂಕಣದಲ್ಲಿ ಪ್ರತಿ ಸಾಲಿಗೂ ಸಹಿ ಇತ್ತು.